ಮಾತು ಕೊಟ್ಟ ಮೇಲೆ

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಪೂರ್ವ ಹಾರ್ಲೆಮ್ ಎಂಬುದು ಬಡವರೇ ಹೆಚ್ಚಾಗಿ ವಾಸಿಸುವ ಬಡಾವಣೆ. 1981ನೆಯ ಇಸವಿಯ ಜೂನ್ ತಿಂಗಳಲ್ಲಿ ಅಲ್ಲಿನ 121ನೆಯ ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿಯ ಮಕ್ಕಳನ್ನು ಬೀಳ್ಕೊಡುವ ಸಮಾರಂಭ ಏರ್ಪಟ್ಟಿತ್ತು. ಅಂದಿನ ಅತಿಥಿ ಯೂಜೀನ್ ಲ್ಯಾಂಗ್. ಸುಮಾರು ಐವತ್ತು ವರ್ಷಗಳ ಹಿಂದೆ ಅದೇ ಶಾಲೆಯಲ್ಲಿ ಕಲಿತ ಅವರು ಆ ಹೊತ್ತಿಗೆ ಹೆಸರಾಂತ ಉದ್ಯಮಿಯಾಗಿದ್ದರು. ಬಾಲ್ಯದಲ್ಲಿ ಹೋಟೆಲೊಂದರಲ್ಲಿ ದುಡಿಯುತ್ತಿದ್ದಾಗ ಊಟಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಅವರ ಬುದ್ಧಿಶಕ್ತಿಯನ್ನು ಗುರುತಿಸಿ, ಸ್ವಾರ್ತ್‌ಮೋರ್ ಕಾಲೇಜಿನ ದಾರಿಯನ್ನು ತೋರಿಸಿದ್ದರು.

ಕಷ್ಟಪಟ್ಟು ಓದಿದರೆ ಮುಂದೆ ಬರುವಿರಿ ಎಂದು ಮಕ್ಕಳಿಗೆ ಹೇಳಲು ಲ್ಯಾಂಗ್ ಸಿದ್ಧರಾಗಿ ಬಂದಿದ್ದರು. ಇಂತಹ ಸಭೆಗಳಲ್ಲಿ ಅತಿಥಿಗಳು ಹೇಳುವುದೂ ಸಾಮಾನ್ಯವಾಗಿ ಅಷ್ಟೇ. ಆದರೆ ಇವರಲ್ಲಿ ಮುಕ್ಕಾಲು ಪಾಲು ಮಕ್ಕಳು ಪ್ರೌಢಶಾಲೆಯನ್ನೂ ಮುಗಿಸಲಾರರೆಂಬ ಮಾತು ಶಾಲೆಯ ಮುಖ್ಯಸ್ಥರಿಂದ ಅವರ ಕಿವಿಗೆ ಬಿದ್ದಿತು. ಆಡಬೇಕೆಂದಿದ್ದ ಮಾತುಗಳು ಅವರಿಗೇ ಪೊಳ್ಳೆನಿಸಿದವು. ವೇದಿಕೆಯ ಮೇಲೆ ನಿಂತು, 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾಡಿದ ಪ್ರಸಿದ್ಧ ಭಾಷಣವನ್ನು ನೆನೆದು, ಎದುರಿಗಿದ್ದ 61 ಮಕ್ಕಳಲ್ಲಿ ಪ್ರೌಢಶಾಲೆ ಮುಗಿಸಿದ ಪ್ರತಿಯೊಬ್ಬರ ಕಾಲೇಜು ಶುಲ್ಕವನ್ನೂ ತಾವೇ ಭರಿಸುವುದಾಗಿ ಮಾತು ಕೊಟ್ಟರು.

ಮಾತು ಕೊಡುವುದು ಒಂದು ಗಳಿಗೆಯ ಕೆಲಸ. ಕಾಲೇಜು ಇನ್ನೂ ಆರು ವರ್ಷಗಳಷ್ಟು ದೂರವಿತ್ತು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ತುಳಿಯದಿರುವಾಗ ಯಾವ ವಿಷಯವನ್ನು ಆರಿಸಿಕೊಳ್ಳಬೇಕು, ಯಾವ ಪರೀಕ್ಷೆಗೆ ಕೂರಬೇಕು, ಅರ್ಜಿಯನ್ನು ಎಂದು ಕಳುಹಿಸಬೇಕು ಎಂಬುದನ್ನು ಮಗುವಿಗೆ ಹೇಳುವವರು ಯಾರು? ಬೀದಿಯ ಸೆಳೆತಗಳು, ಮನೆಯ ಚಿಂತೆಗಳು ಬೇರೆ. ಬ್ಯಾಂಕಿನಲ್ಲಿ ಇಟ್ಟ ಹಣ ಇವುಗಳಿಗೆ ಉತ್ತರ ಕೊಡದು. ಇದನ್ನು ಮನಗಂಡ ಲ್ಯಾಂಗ್, ಮಕ್ಕಳ ಯೋಗಕ್ಷೇಮವನ್ನು ನೋಡಿಕೊಳ್ಳಲೆಂದೇ ಒಬ್ಬ ಸಮಾಜ ಕಾರ್ಯಕರ್ತರನ್ನು ನೇಮಿಸಿದರು. ಓದಿನಲ್ಲಿ ಹಿಂದುಳಿದವರಿಗೆ ಪಾಠ ಹೇಳಿಸುವ ವ್ಯವಸ್ಥೆಯಾಯಿತು. ತಮ್ಮ ಕಚೇರಿಯ ಬಾಗಿಲನ್ನೂ ಲ್ಯಾಂಗ್ ಮಕ್ಕಳಿಗಾಗಿ ತೆರೆದಿಟ್ಟರು. ದುಡ್ಡು ಕೊಟ್ಟು ಕೈತೊಳೆದುಕೊಳ್ಳುವ ಶ್ರೀಮಂತರು ಎಲ್ಲ ದೇಶಗಳಲ್ಲಿಯೂ ಉಂಟು. ತಮ್ಮ ಹೊತ್ತನ್ನು ಕೊಡುವವರು ವಿರಳ.

ಪತ್ರಿಕೆಗಳಲ್ಲಿ ಈ ಸುದ್ದಿ ಹರಡಿದಾಗ ಇತರ ನಗರಗಳ ಉದ್ಯಮಿಗಳೂ ಒಂದೊಂದು ಶಾಲೆಯ ತರಗತಿಯನ್ನು ತಮ್ಮದೆಂದು ವಹಿಸಿಕೊಳ್ಳಲು ಮುಂದೆ ಬಂದರು. 1986ರಲ್ಲಿ ‘ನನಗೊಂದು ಕನಸಿದೆ’ ಎಂಬ ಅರ್ಥದ ಹೆಸರುಳ್ಳ ಪ್ರತಿಷ್ಠಾನವೊಂದು ಸ್ಥಾಪನೆಯಾಯಿತು.

ಆ ಮೊದಲ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉನ್ನತ ಶಿಕ್ಷಣಕ್ಕೆ ಕಾಲಿಟ್ಟರು. ಎಲ್ಲರೂ ಅಲ್ಲ. ಕೆಲವರು ನಡುವೆಯೇ ಶಾಲೆ ಬಿಟ್ಟರು. ಹಾಗೆ ಬಿಟ್ಟವರಲ್ಲಿಯೂ ಕೆಲವರು ಮತ್ತೆ ಪುಸ್ತಕ ಹಿಡಿದು, ಪ್ರೌಢಶಾಲೆಗೆ ಸಮಾನವಾದ ಪರೀಕ್ಷೆಯನ್ನು ಮುಗಿಸಿದರು. ಲ್ಯಾಂಗ್ 2017ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಅಂದಿನ ಆ ಮಕ್ಕಳೂ ನಡುವಯಸ್ಸನ್ನು ಮುಟ್ಟಿದ್ದರು.