ಕಲ್ಲು ಹೋಯ್ತು, ನೋವು?

ಚಿಕ್ಕಪ್ಪನಿಗೆ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಅಂತ ಗೊತ್ತಾದಾಗ ನೆಂಟರೆಲ್ಲ ಕೇಳಿದ್ದು ಒಂದೇ ಮಾತು, "ಕುಡೀತಾರಾ?" ಕಾಫಿ ಬಿಟ್ರೆ ಬೇರೇನೂ ಮುಟ್ಟದ ಮನುಷ್ಯ ಅವರು. ಕುಡಿತ ದೊಡ್ಡ ಕಾರಣ ಹೌದು. ಆದ್ರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಹನಿ ಕುಡಿಯದವರಿಗೂ ಇದು ಬರುತ್ತೆ ಅನ್ನೋದು ವೈದ್ಯರಿಗೆ ದಶಕಗಳಿಂದ ಗೊತ್ತು. ನೆಂಟರಿಗೆ ಹೇಳಿ ಹೇಳಿ ಚಿಕ್ಕಮ್ಮನಿಗೆ ಸಾಕಾಗಿಹೋಯ್ತು.

ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಸೀದಾ ಬೆನ್ನಿಗೆ ಇರಿಯುತ್ತೆ. ಊಟ ಮಾಡಿದ್ರೆ ಇನ್ನೂ ಜಾಸ್ತಿ. ತಟ್ಟೆ ಮುಂದೆ ಕೂರೋಕೇ ಅವರಿಗೆ ಭಯ. ದಿಂಬು ಅವುಚಿಕೊಂಡು ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಸಮಾಧಾನ, ಅಷ್ಟೇ.

ಮೇದೋಜೀರಕ ಗ್ರಂಥಿಯ ನಾಳದಲ್ಲಿ ಸುಣ್ಣಗಟ್ಟಿದ ಕಲ್ಲು ಕೂತರೆ ಜೀರ್ಣರಸ ಕಟ್ಟಿಕೊಂಡು ಒತ್ತಡ ಏರುತ್ತೆ. ದೊಡ್ಡ ಕಲ್ಲನ್ನ ಹೊರಗಿನಿಂದಲೇ ಆಘಾತ ತರಂಗ ಕೊಟ್ಟು ಪುಡಿ ಮಾಡ್ತಾರೆ. ಆಮೇಲೆ ಬಾಯಿಂದ ಎಂಡೋಸ್ಕೋಪ್ ಇಳಿಸಿ, ನಾಳ ಸಣ್ಣಕರುಳಿಗೆ ತೆರೆಯೋ ಜಾಗವನ್ನ ಕೊಂಚ ಕತ್ತರಿಸಿ, ಚೂರುಗಳನ್ನ ತೆಗೀತಾರೆ. ನಾಳ ಕಿರಿದಾಗಿದ್ರೆ ಪ್ಲಾಸ್ಟಿಕ್ ಸ್ಟೆಂಟ್, ಅದನ್ನ ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕು. ಎಂಜಿನಿಯರ್ ತಲೆಗೆ ಇದು ತಕ್ಷಣ ಹಿಡಿಸುತ್ತೆ ನೋಡಿ... ಪೈಪು ಕಟ್ಟಿದೆ, ಬಿಡಿಸಿದ್ರಾಯ್ತು!

ಅಷ್ಟು ಸುಲಭ ಇಲ್ಲ ಸ್ವಾಮಿ. 2024ರಲ್ಲಿ ಪ್ರಕಟವಾದ, ನಮ್ಮ ದೇಶದಲ್ಲೇ ನಡೆದ ಅಧ್ಯಯನದಲ್ಲಿ 106 ರೋಗಿಗಳಿದ್ರು. ಸುಮಾರು ಅರ್ಧ ಜನಕ್ಕೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಬರೀ ಅದರ ಅಭಿನಯ. 12 ವಾರಕ್ಕೆ ನೋಡಿದ್ರೆ, ಹತ್ತರ ಅಳತೆಯಲ್ಲಿ ಚಿಕಿತ್ಸೆ ಪಡೆದವರ ನೋವು 0.7ರಷ್ಟು ಮಾತ್ರ ಕಡಿಮೆ. 24 ವಾರಕ್ಕೆ ಆ ವ್ಯತ್ಯಾಸವೂ ಮಾಯ. ವರ್ಷಗಟ್ಟಲೆ ಕೆರಳಿದ ನರಗಳಿಗೆ ನೋವು ಅಭ್ಯಾಸವಾಗಿಬಿಟ್ಟಿರುತ್ತೆ, ಕಲ್ಲು ಹೋಗಿದ್ದು ಅವಕ್ಕೆ ಗೊತ್ತಾಗಲ್ಲ. ಹಾಗಂತ ಎಂಡೋಸ್ಕೋಪಿ ದಂಡ ಅಂತಲ್ಲ, ಕೆಲವರಿಗೆ ನಿಜವಾಗಿ ಆರಾಮಾಗುತ್ತೆ. ಚಿಕ್ಕಪ್ಪನಿಗೂ ಮೊದಲ ಸ್ಟೆಂಟ್ ಹಾಕಿದ ಮೇಲೆ ನಾಲ್ಕು ತಿಂಗಳು ಚೆನ್ನಾಗೇ ಇತ್ತು.

ಈಗ ಮೂರನೇ ಸ್ಟೆಂಟ್. ನೋವು ವಾಪಸ್ ಬಂದಿದೆ, ಮಾತ್ರೆ ಜೋರಾಗಿದೆ. ಡಾಕ್ಟರು ಆಪರೇಷನ್ ಅಂದ್ರು. "ಹೊಟ್ಟೆ ಕೊಯ್ಯೋದು ಕೊನೇ ದಾರಿ" ಅನ್ನೋದು ನಮ್ಮ ಮನೆಗಳ ಅಲಿಖಿತ ನಿಯಮ ಅಲ್ವಾ? 2020ರ ಡಚ್ ಅಧ್ಯಯನ ಅದಕ್ಕೆ ಉಲ್ಟಾ ಹೇಳುತ್ತೆ. 88 ರೋಗಿಗಳಲ್ಲಿ ಬೇಗ ಆಪರೇಷನ್ ಆದವರ ನೋವು 18 ತಿಂಗಳಲ್ಲಿ ಸರಾಸರಿ ನೂರಕ್ಕೆ 37, ಎಂಡೋಸ್ಕೋಪಿಯಿಂದ ಶುರು ಮಾಡಿದವರದ್ದು 49. ಚಿಕ್ಕಪ್ಪನಿಗೆ 'ಬೇಗ' ಅನ್ನೋದು ದಾಟಿಹೋಗಿದೆಯಾ, ಸರ್ಜನ್ನೇ ಹೇಳಬೇಕು.

ಬುಧವಾರ ಅಪಾಯಿಂಟ್‌ಮೆಂಟ್. ಕೇಳಬೇಕಾದ್ದನ್ನ ಚಿಕ್ಕಮ್ಮ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದಾರೆ. ಮೊದಲನೇದು: "ಆಮೇಲೆ ಹೊಟ್ಟೆ ತುಂಬಾ ಊಟ ಮಾಡಬಹುದಾ?"