ಬಾವಿಯ ಅಳತೆ

2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿದಾಗ ನಮ್ಮ ಮಸೀದಿಯ ಬಾವಿಗೂ ಕೆಸರುನೀರು ನುಗ್ಗಿತ್ತು. ನೆರೆ ಇಳಿದ ದಿನ ಯಾರೋ ತಂದುಕೊಟ್ಟ ಒಂದು ಕಿಲೋ ಬ್ಲೀಚಿಂಗ್ ಪುಡಿಯನ್ನು ನಾನು ಹಾಗೆಯೇ ಬಾವಿಗೆ ಸುರಿದೆ. ಹೆಚ್ಚು ಹಾಕಿದಷ್ಟೂ ನೀರು ಶುದ್ಧ ಎಂಬ ಎಣಿಕೆ. ಆ ಘಾಟಿಗೆ ಜನರು ನೀರನ್ನು ಬಾಯಿಗಿಡಲಿಲ್ಲ. ತೋಡಿನ ಬದಿಯ, ಏನೂ ಹಾಕದ ಇನ್ನೊಂದು ಬಾವಿಯಿಂದ ಸೇದಿ ಕುಡಿದರು. ವಾರದೊಳಗೆ ಐದು ಮನೆಗಳಲ್ಲಿ ವಾಂತಿಭೇದಿ. ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನನ್ನನ್ನು ಯಾರೂ ದೂರಲಿಲ್ಲ. ನಿಯ್ಯತ್ ಸರಿಯಿತ್ತಲ್ಲ ಎಂದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ.

2022ರ ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯರಿಗೆ ನೆರೆಯ ಪೂರ್ವಸಿದ್ಧತೆಯ ತರಬೇತಿ ನೀಡಲು ನಮ್ಮ ಮದ್ರಸಾದ ಸಭಾಂಗಣವನ್ನು ಕೇಳಿದರು. ಹಿಂದಿನ ಬೆಂಚಿನಲ್ಲಿ ನಾನೂ ಕುಳಿತೆ. ಬೆಳಿಗ್ಗೆ ತುಂಬುಗರ್ಭಿಣಿಯರ ಪಟ್ಟಿ, ಓಆರ್‌ಎಸ್, ಇಲಿಜ್ವರದ ಲಕ್ಷಣಗಳು. ಮಧ್ಯಾಹ್ನ ಆರೋಗ್ಯ ನಿರೀಕ್ಷಕರು ಎಲ್ಲರನ್ನೂ ಅದೇ ಬಾವಿಯ ಬಳಿಗೆ ಕರೆದೊಯ್ದರು.

"ಉಸ್ತಾದರೇ, ಹಗ್ಗದ ಆ ತುದಿ ಸ್ವಲ್ಪ ಹಿಡಿಯುತ್ತೀರಾ?" ಎಂದರು ನಮ್ಮ ಬೀದಿಯ ಕಾರ್ಯಕರ್ತೆ. ಬಾವಿಯ ವ್ಯಾಸ 3 ಮೀಟರ್, ನೀರಿನ ಆಳ 2 ಮೀಟರ್. ಹಾಗಾದರೆ ಸುಮಾರು 14,000 ಲೀಟರ್ ನೀರು. ಸಾವಿರ ಲೀಟರಿಗೆ ಸಾಮಾನ್ಯವಾಗಿ ಎರಡೂವರೆ ಗ್ರಾಂ ಪುಡಿ, ನೆರೆನೀರು ಹೊಕ್ಕಿದ್ದರೆ 5 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬೆರೆಸಿ, ಕನಿಷ್ಠ ಒಂದು ಗಂಟೆ ಕಾಯಬೇಕು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಂದು 6 ಮೀಟರ್ ನೀರಿತ್ತೆಂದರೂ 200 ಗ್ರಾಂ ಚಿಲ್ಲರೆ ಸಾಕಿತ್ತು.

ನಾಚಿಕೆಯೆನಿಸಿದ್ದು ಇನ್ನೊಂದು ಕಾರಣಕ್ಕೆ. ಎರಡು ಕುಲ್ಲತ್ ನೀರೆಂದರೆ ಎಷ್ಟು, ಅದಕ್ಕಿಂತ ಕಡಿಮೆಯಾದರೆ ವುಝೂವಿನ ನೀರಿನ ವಿಧಿ ಹೇಗೆ ಬದಲಾಗುತ್ತದೆ ಎಂದು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಿರುವವನು ನಾನು. ನೀರಿಗೆ ಅಳತೆಯುಂಟೆಂದು ಪಾಠ ಹೇಳುವವನು ಕಿಟಕಿಯಾಚೆಗಿನ ಬಾವಿಯನ್ನು ಒಮ್ಮೆಯೂ ಅಳೆದಿರಲಿಲ್ಲ.

ಮರುವಾರ ಆ ಅಕ್ಕ ಮತ್ತೆ ಬಂದರು. ನೆರೆಯ ಗಡಿಬಿಡಿಯಲ್ಲಿ ಗುಣಾಕಾರ ಮಾಡುತ್ತಾ ಕೂರಲಾಗದು, ಈಗಲೇ ಬರೆದಿಡೋಣ ಎಂದರು. ಅವರು ಹೇಳಿದಂತೆ ಬಾವಿಕಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ನಾನೇ ಬರೆದೆ: ಒಂದು ಮೀಟರ್ ನೀರಿಗೆ, ನೆರೆಯಲ್ಲಿ, 35 ಗ್ರಾಂ. ತಮ್ಮ ವ್ಯಾಪ್ತಿಯ ಉಳಿದ ಬಾವಿಗಳ ಲೆಕ್ಕ ಅವರ ಡೈರಿಯಲ್ಲಿದೆ. ತೋಡಿನ ಬದಿಯ ಬಾವಿಯದೇ ಮೊದಲ ಪುಟ.