ಪಿಲಿಕುಳದ ಚರಿತ್ರೆ ಬರೆಯಹೊರಟು

ನಾನೊಂದು ಪುಸ್ತಕ ಬರೆಯುತ್ತಿದ್ದೇನೆ ಎಂಬ ಸುದ್ದಿ ಊರಿನಲ್ಲಿ ಹಬ್ಬಿ ಆರು ವರ್ಷಗಳಾದವು. ಹೊಸಂಗಡಿ ಪೇಟೆಯಲ್ಲಿ ಸಿಕ್ಕಿದವರೆಲ್ಲ "ಮಾಸ್ಟ್ರೇ, ಪುಸ್ತಕ ಎಲ್ಲಿಗೆ ಬಂತು?" ಎಂದು ಕೇಳುತ್ತಾರೆ. ನಾನು ಜೈನನಾದುದರಿಂದ ಅದು ಬಂಗ್ರಮಂಜೇಶ್ವರದ ನಮ್ಮ ಬಸದಿಗಳ ಬಗ್ಗೆ ಇರಬೇಕೆಂದು ಅವರ ಊಹೆ. ಪಿಲಿಕುಳದ ಬಗ್ಗೆ ಎಂದರೆ ಒಂದು ಕ್ಷಣ ಮುಖ ನೋಡುತ್ತಾರೆ. "ಅದು ರಜೆಯಲ್ಲಿ ಮಕ್ಕಳನ್ನು ಕರಕೊಂಡು ಹೋಗುವ ಜಾಗವಲ್ಲವೇ? ಅದಕ್ಕೆಂತಹ ಚರಿತ್ರೆ?"

ಕೇಳುವುದರಲ್ಲಿ ತಪ್ಪಿಲ್ಲ. ಸಾವಿರ ಕಂಬದ ಬಸದಿಯ ದರ್ಶನಕ್ಕೆಂದು ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ನಮ್ಮ ಜನ ವಾಮಂಜೂರಿನಲ್ಲಿ ಪಿಲಿಕುಳದ ಫಲಕ ನೋಡಿರುತ್ತಾರೆ. ಮಕ್ಕಳು ಹಟ ಮಾಡಿದರೆ ಹಿಂದಿರುಗುವಾಗ ಇಳಿದಿರುತ್ತಾರೆ. ಬಸದಿ ಎದ್ದದ್ದು 1430ರಲ್ಲಿ. ಪಿಲಿಕುಳ ನಿಸರ್ಗಧಾಮ ರೂಪುಗೊಂಡದ್ದು 1990ರ ದಶಕದಲ್ಲಿ, ನಮ್ಮ ಕಣ್ಣೆದುರಿಗೆ. ಕಣ್ಣೆದುರು ಆದದ್ದನ್ನು ಚರಿತ್ರೆಯೆಂದು ಒಪ್ಪಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಕಂಡವರು ಬದುಕಿರುವಾಗಲೇ ಬರೆದಿಡದಿದ್ದರೆ ಆಮೇಲೆ ಬರೆಯುವವರು ಯಾರು, ಯಾವ ಆಧಾರದಿಂದ? ಈ ಹುಮ್ಮಸ್ಸಿನಲ್ಲಿಯೇ 2019ರಲ್ಲಿ ಇನ್ನೂರು ಪುಟದ ನೋಟು ಪುಸ್ತಕವೊಂದನ್ನು ಕೊಂಡು ತಂದೆ.

ಮೊದಲ ಅಧ್ಯಾಯಗಳು ಸಲೀಸಾಗಿ ಸಾಗಿದವು. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಹಿರಿಯರ ಹೇಳಿಕೆ. ಆ ಕೊಳದ ಸುತ್ತಲಿನ ನೂರಾರು ಎಕರೆ ಗುಡ್ಡದಲ್ಲಿ ಒಂದೊಂದಾಗಿ ಎದ್ದದ್ದು ಡಾ. ಶಿವರಾಮ ಕಾರಂತರ ಹೆಸರಿನ ಜೈವಿಕ ಉದ್ಯಾನ, ದೋಣಿವಿಹಾರ, ಕುಶಲಕರ್ಮಿಗಳ ಗ್ರಾಮ, ಗುತ್ತುಮನೆ, ಪ್ರಾದೇಶಿಕ ವಿಜ್ಞಾನ ಕೇಂದ್ರ, 'ಮಾನಸ' ಎಂಬ ನೀರಾಟದ ಉದ್ಯಾನ. 2018ರಲ್ಲಿ ಸ್ವಾಮಿ ವಿವೇಕಾನಂದರ ಹೆಸರಿನ ತಾರಾಲಯವೂ ಬಂತು. ಮೃಗಾಲಯ, ವಸ್ತುಸಂಗ್ರಹಾಲಯ, ಆಟದ ಬಯಲು ಎಲ್ಲವೂ ಒಂದೇ ಬೇಲಿಯೊಳಗೆ! ಈಗಿನವರ ಮಾತಿನಲ್ಲಿ ಹೇಳುವುದಾದರೆ ಥೀಮ್ ಪಾರ್ಕ್.

ಮೊದಲ ತಡೆ ಬಂದದ್ದು ಪ್ರಾಣಿಗಳ ಅಧ್ಯಾಯದಲ್ಲಿ. ಬರೆದದ್ದನ್ನು ಮನೆಯವಳಿಗೆ ಓದಿ ಹೇಳುವುದು ನನ್ನ ವಾಡಿಕೆ. ಅವಳು ಕೇಳಿ, "ಅಹಿಂಸಾಣುವ್ರತದ ಅತಿಚಾರಗಳನ್ನು ಒಮ್ಮೆ ಹೇಳಿ ನೋಡುವ" ಎಂದಳು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಪಾಠ ಒಪ್ಪಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. "ಮೊದಲನೆಯದೇ ಬಂಧ. ನೀವು ಬರೆದ ಹದಿನೆಂಟು ಪುಟದಲ್ಲಿ ಆ ಶಬ್ದ ಒಂದು ಸಲವೂ ಬರಲಿಲ್ಲವಲ್ಲ?" ಎಂದು ಒಳಗೆ ಹೋದಳು. ಅಪಾಯಕ್ಕೆ ಸಿಕ್ಕಿದ ಪ್ರಾಣಿಗಳಿಗೆ ಅಲ್ಲಿ ಆಶ್ರಯ ಸಿಗುವುದೂ ನಿಜ, ಕಾಳಿಂಗ ಸರ್ಪಗಳ ಸಂತತಿ ಬೆಳೆಸಿದ್ದೂ ನಿಜ. ಬೇಲಿಯೊಳಗೆ ಹುಲಿ ಅತ್ತಿಂದಿತ್ತ, ಇತ್ತಿಂದತ್ತ ನಡೆಯುವುದೂ ಅಷ್ಟೇ ನಿಜ. ಎರಡನ್ನೂ ಬರೆದೆ. ಹದಿನೆಂಟು ಪುಟ ಇಪ್ಪತ್ತೊಂದಾಯಿತು. ಅವಳು ಪೂರ್ತಿ ಒಪ್ಪಿದಳೆಂದು ಹೇಳಲಾರೆ.

ನಿಜವಾಗಿ ಲೇಖನಿ ನಿಂತದ್ದು ಗುತ್ತುಮನೆಯ ಬಳಿ. ತುಳುನಾಡಿನ ಹಳೆಯ ಗುತ್ತುಮನೆಗಳ ಮಾದರಿಯಲ್ಲಿ ಕಟ್ಟಿದ ಮನೆಯದು. ಮಗಳ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ನಾನು ಜಗಲಿಯ ಕಂಬಗಳನ್ನು ಎಣಿಸಿ ಬರೆದುಕೊಳ್ಳುತ್ತಿರುವಾಗ ಹುಡುಗ ಒಳಗೆಲ್ಲ ಸುತ್ತಿ ಬಂದು, "ಅಜ್ಜ, ಇದು ಯಾರ ಮನೆ?" ಎಂದು ಕೇಳಿದ.

"ಯಾರದ್ದೂ ಅಲ್ಲ ಮಗಾ, ನೋಡಲಿಕ್ಕೆಂದು ಕಟ್ಟಿದ್ದು."

"ಮತ್ತೆ ನಿಜವಾದದ್ದು ಎಲ್ಲಿದೆ?"

ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಹೊತ್ತು ಮುಳುಗುವ ಮೊದಲು ಊಟವಾಗಬೇಕು, ಬೇಗ ನಡೆ ಎಂದು ಹೊರಡಿಸಿದೆ. ಆಗ ಗಂಟೆ ಇನ್ನೂ ಮೂರೂವರೆ.

ಹೊಸಂಗಡಿಯ ಪೂರ್ವಕ್ಕೆ ಗುಡ್ಡದ ಬುಡದಲ್ಲಿ ನಮಗೂ ಅಂಥದೊಂದು ಮನೆಯಿತ್ತು. ಅಳಿಯಸಂತಾನದ ಮನೆ, ದೊಡ್ಡ ಮಾವನ ಯಜಮಾನಿಕೆ. ಮುರಕಲ್ಲಿನ ಗೋಡೆ, ಮುಂದೆ ಚಾವಡಿ, ನಡುವೆ ಅಂಗಳ, ಹಲಸಿನ ಮರದ ಹನ್ನೆರಡು ಕಂಬಗಳು. ಪಾರ್ಶ್ವನಾಥ ಸ್ವಾಮಿಯ ಪುಟ್ಟ ಬಿಂಬವಿದ್ದ ದೇವರ ಕೋಣೆ ಒಂದು ಬದಿಗೆ, ದೈವದ ಉಯ್ಯಾಲೆ ಇನ್ನೊಂದು ಬದಿಗೆ. ಬಾಲ್ಯದಲ್ಲಿ ಅದು ಶಾಶ್ವತವೆಂದೇ ನಂಬಿದ್ದೆವು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಎರಡು ರಾಜ್ಯಗಳಿಗೆ ಹಂಚಿಹೋಯಿತು. ಭೂಸುಧಾರಣೆ ನಮ್ಮ ಕಡೆಗೆ 1970ರ ಜನವರಿಯಿಂದ ಜಾರಿಗೆ ಬಂದರೆ ತಲಪಾಡಿಯ ಆಚೆಗೆ 1974ರ ಮಾರ್ಚ್‌ನಿಂದ. ಉಳುವವನಿಗೆ ಭೂಮಿ ಬಂದದ್ದು ನ್ಯಾಯವೇ. ಅದಕ್ಕಾಗಿ ಅಳುವ ಪೈಕಿ ನಾನಲ್ಲ. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಮನೆಗಳಿಗೆ ಗೇಣಿ ನಿಂತ ಮೇಲೆ ಹಂಚು ಹೊದಿಸುವುದೇ ಹೊರೆಯಾಯಿತು. ಗಡಿಯ ಎರಡೂ ಬದಿಯಲ್ಲಿ ಎಷ್ಟೋ ಮನೆಗಳು ಹೀಗೆಯೇ ಸೋರುತ್ತಾ ಕುಳಿತವು.

ನಮ್ಮದರ ಪಾಲುಪಟ್ಟಿ ಆದದ್ದು 1983ರಲ್ಲಿ. ಪಾಲುದಾರರು ಒಂಬತ್ತು ಮಂದಿ. ಮನೆಯನ್ನು ಒಂಬತ್ತು ತುಂಡು ಮಾಡಲಾಗದು, ಮರವನ್ನು ಮಾರಿ ಹಣ ಹಂಚಬಹುದು ಎಂದು ತೀರ್ಮಾನವಾಯಿತು. ದೊಡ್ಡ ಮಾವ ಏನೂ ಹೇಳಲಿಲ್ಲ. ಕಾಗದ ನನ್ನ ಮುಂದೆ ಬಂದಾಗ ನನಗೆ ಇಪ್ಪತ್ತೆಂಟು ವರ್ಷ, ಪೇಟೆಯ ಬಳಿ ತಾರಸಿ ಮನೆ ಕಟ್ಟುವ ಆಸೆ. ಸಹಿ ಹಾಕಿದೆ. ಹನ್ನೆರಡು ಕಂಬಗಳು ಎರಡು ಲಾರಿಗಳಲ್ಲಿ ಹೋದವು. ಎಲ್ಲಿಗೆಂದು ನಾನು ವಿಚಾರಿಸಲೂ ಇಲ್ಲ. ಬಿಂಬವನ್ನು ಮಾತ್ರ ವಿಧಿಪೂರ್ವಕವಾಗಿ ಬಸದಿಗೆ ಒಪ್ಪಿಸಿದೆವು. ನಾನೀಗ ಕುಳಿತು ಬರೆಯುತ್ತಿರುವ ಕೋಣೆಯ ಕಾಂಕ್ರೀಟು ಆ ಹಣದಿಂದ ಬಂದದ್ದು.

ಈ ಮನುಷ್ಯ ಗುತ್ತುಮನೆಯ ಚರಿತ್ರೆ ಬರೆಯುತ್ತಾನೆ! ಆ ಅಧ್ಯಾಯವನ್ನು ಮೂರು ಸಲ ಆರಂಭಿಸಿದೆ. ಮೂರು ಸಲವೂ "ಕಾಲದ ಪ್ರವಾಹದಲ್ಲಿ ಇಂತಹ ಮನೆಗಳು ಕಣ್ಮರೆಯಾದವು" ಎಂಬ ವಾಕ್ಯ ತಾನಾಗಿ ಬಂತು. ಕಾಲದ ಪ್ರವಾಹ ಲಾರಿ ತರುವುದಿಲ್ಲ.

ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೊರೋನಾದ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳದಾರಿಗಳಿಗೂ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆ ಸೇರಲಾಗದೆ ನಮ್ಮ ಕಡೆಯವರು ತೀರಿಕೊಂಡ ದಿನಗಳವು. ಅಂಥ ಹೊತ್ತಿನಲ್ಲಿ ಪಿಲಿಕುಳಕ್ಕೆ ಹೋಗಲಾಗಲಿಲ್ಲವೆಂದು ಕೊರಗುವುದು ನಾಚಿಕೆಯ ಮಾತು. ಮನೆಯಲ್ಲೇ ಕುಳಿತು ಹೊರಗಿನ ಉದ್ಯಾನಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಅಮೆರಿಕದಲ್ಲಿ ವಾಲ್ಟ್ ಡಿಸ್ನಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಬರೀ ತೊಟ್ಟಿಲು-ತಿರುಗಣೆಗಳ ಜಾಗವೆಂದು ತಿಳಿದಿದ್ದೆ. ಅದರ ಹೆಬ್ಬಾಗಿಲು ದಾಟಿದೊಡನೆ ಸಿಗುವ ಬೀದಿ, ಆತ ಬಾಲ್ಯದಲ್ಲಿ ಕಂಡ ಮಾರ್ಸೆಲಿನ್ ಎಂಬ ಸಣ್ಣ ಊರಿನ ನೆನಪಿನದಂತೆ. ಅಲ್ಲಿನ ಮಹಡಿಗಳನ್ನು ಮೇಲೆ ಹೋದಂತೆ ಕಿರಿದು ಮಾಡಿ, ಕಟ್ಟಡ ಇರುವುದಕ್ಕಿಂತ ಎತ್ತರವಾಗಿ ಕಾಣುವಂತೆ ಕಟ್ಟಿದ್ದಾರೆ. ನೆನಪು ಮಾಡುವುದೂ ಇಂಥದೇ ಕೆಲಸ. ನಮ್ಮ ಚಾವಡಿ ನನ್ನ ಮನಸ್ಸಿನಲ್ಲಿ ಬಸದಿಯಷ್ಟು ಎತ್ತರವಿದೆ. ಅದಕ್ಕೂ ಬಹಳ ಮೊದಲು, 1891ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ಥರ್ ಹೇಜೇಲಿಯಸ್ ಎಂಬವರು ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದಿದ್ದರು. ದೇಶದ ಮೂಲೆ ಮೂಲೆಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಚೆನ್ನೈ ಸಮೀಪ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿಯೂ ಹಾಗೆ ತಂದ ಮನೆಗಳಿವೆ. ಅಷ್ಟು ದೂರವೇಕೆ? ಮಣಿಪಾಲದಲ್ಲಿ ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು ಕೆಡಹುವ ಮನೆಗಳ ಬಾಗಿಲಿಗೆ ಹೋಗಿ, ಕಂಬ ತೊಲೆಗಳನ್ನು ಉಳಿಸಿ, ಹಸ್ತಶಿಲ್ಪದ ಪಾರಂಪರಿಕ ಗ್ರಾಮವನ್ನೇ ನಿಲ್ಲಿಸಿದರು. ಅವರು 2017ರಲ್ಲಿ ತೀರಿಕೊಂಡರು. ನಮ್ಮ ಲಾರಿಗಳು ಹೊರಟ ದಿನ ಅಂಥವರೊಬ್ಬರು ಅಂಗಳದಲ್ಲಿ ನಿಂತಿದ್ದರೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ನಿಂತಿದ್ದರೂ ನಾನು ಹೆಚ್ಚು ಬೆಲೆ ಕೊಟ್ಟವನಿಗೇ ಕೊಡುತ್ತಿದ್ದೆನೇನೋ.

ಗಡಿ ತೆರೆದು, ಕಾಯಿಲೆಯ ಗದ್ದಲವೆಲ್ಲ ಮುಗಿದ ಮೇಲೆ ಪುನಃ ಹೋದೆ. ಗುತ್ತುಮನೆಯ ಜಗಲಿಯಲ್ಲಿ ಶಾಲಾ ಮಕ್ಕಳ ಗುಂಪೊಂದು ಗಲಾಟೆ ಮಾಡುತ್ತಿತ್ತು. ಒಬ್ಬಳು ಹುಡುಗಿ ಕಂಬಕ್ಕೆ ಕೈ ಸುತ್ತಿ ನಿಂತಿದ್ದಳು; ಅವಳ ಬೆರಳುಗಳು ಒಂದಕ್ಕೊಂದು ತಾಗಲಿಲ್ಲ. ನಮ್ಮ ಕಂಬಗಳನ್ನು ನಾವೂ ಹೀಗೆಯೇ ಅಳೆಯುತ್ತಿದ್ದೆವು. ಬೆರಳು ತಾಗಿದ ವರ್ಷ ದೊಡ್ಡವರಾದೆವು ಎಂದು ಲೆಕ್ಕ. ನೋಡಲಿಕ್ಕೆಂದು ಕಟ್ಟಿದ ಮನೆಯೆಂದು ನಾನು ಹಗುರವಾಗಿ ಹೇಳಿದ್ದೆನಲ್ಲ, ಆ ಮಾತನ್ನು ಪುಸ್ತಕದಿಂದ ತೆಗೆದೆ.

ಈಗ ಅಧ್ಯಾಯಗಳ ಕ್ರಮ ಬದಲಾಗಿದೆ. ಹುಲಿಯ ಕೊಳದಿಂದ ಆರಂಭವಾಗುತ್ತಿದ್ದ ಪುಸ್ತಕ ಈಗ ಹೊಸಂಗಡಿಯ ಎರಡು ಲಾರಿಗಳಿಂದ ಆರಂಭವಾಗುತ್ತದೆ. ಸಹಿ ಹಾಕಿದ ಒಂಬತ್ತು ಮಂದಿಯಲ್ಲಿ ನನ್ನ ಹೆಸರನ್ನು ಮಾತ್ರ ಬರೆದಿದ್ದೇನೆ; ಉಳಿದವರ ಮಕ್ಕಳಿಗೆ ಬೇಕಿದ್ದರೆ ಅವರೇ ಹೇಳಲಿ. ಉದ್ಯಾನದ ಚರಿತ್ರೆಯಲ್ಲಿ ಮನೆಯ ಜಗಳವೇಕೆ ಎಂದು ಹಸ್ತಪ್ರತಿ ನೋಡಿದ ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಜಗಳವೇ ಆಗಿರಲಿಲ್ಲ, ಎಲ್ಲರೂ ಒಪ್ಪಿಯೇ ಮಾಡಿದ್ದು ಎಂದೆ.

ಕಳೆದ ದಶಲಕ್ಷಣ ಪರ್ವದ ರಜೆಗೆ ಮೊಮ್ಮಗ ಬಂದಿದ್ದ. ಈಗ ಮೀಸೆ ಮೂಡುವ ಪ್ರಾಯ. ಅಂಗಳದಲ್ಲಿ ಸುಣ್ಣದ ಪುಡಿಯಿಂದ ಹಳೆಯ ಮನೆಯ ನಕ್ಷೆ ಹಾಕಿ ತೋರಿಸಿದೆ: ಇಲ್ಲಿ ಚಾವಡಿ, ಇಲ್ಲಿ ಪತ್ತಾಯ, ಇಲ್ಲಿ ದೇವರ ಕೋಣೆ. ಅವನು ಹೆಜ್ಜೆಯಿಂದ ಅಳೆದು ಕಾಗದಕ್ಕೆ ಇಳಿಸಿದ. ವೇಣೂರಿನಲ್ಲಿರುವ ಅಕ್ಕನಿಗೆ ಅದರ ಚಿತ್ರ ಕಳಿಸಿದೆವು. ಐದು ನಿಮಿಷಕ್ಕೆ ಅಕ್ಕನ ಫೋನ್ ಬಂತು. "ಬಾವಿ ಅಡುಗೆಕೋಣೆಯ ಆಚೆ ಬದಿಗೆ ಮಾರಾಯಾ, ಈಚೆಗಲ್ಲ. ನೀರು ಸೇದಿದವಳು ನಾನು. ನಿನಗೇನು ಗೊತ್ತು?"

ಬಾವಿಯನ್ನು ಅಳಿಸಿ ಆಚೆಗೆ ಹಾಕಿದೆವು. ಹಟ್ಟಿಯ ಜಾಗ ಇನ್ನೂ ಇತ್ಯರ್ಥವಾಗಿಲ್ಲ.